ಬೆರಳು ಸರಿದಷ್ಟೂ ಬೆಳೆಯುವ ಭಯ

2023ರ ಮಾರ್ಚ್ ಮೊದಲ ವಾರ. ತಮಿಳುನಾಡಿನ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಹೊಲಿಗೆಯ ಪವರ್ ಟೇಬಲ್‌ಗಳು ಎಂದಿನಂತೆ ಓಡುತ್ತಿದ್ದವು. ಸಂಜೆ ಚಹಾ ಅಂಗಡಿಗಳ ಮುಂದೆ ಎಂದಿನಂತೆ ಜನ ಸೇರುತ್ತಿದ್ದರು. ಆದರೆ ಬಿಹಾರ, ಜಾರ್ಖಂಡ್ ಕಡೆಯಿಂದ ಬಂದು ಇಲ್ಲಿ ದುಡಿಯುವವರ ಫೋನಿನಲ್ಲಿ ಬೇರೆಯೇ ಊರು ಕಾಣುತ್ತಿತ್ತು. ತಮಿಳುನಾಡಿನಲ್ಲಿ ಹಿಂದಿ ಮಾತಾಡುವವರನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದಾರೆ, ಕೊಲ್ಲುತ್ತಿದ್ದಾರೆ ಎಂಬ ವಿವರಣೆ ಹೊತ್ತ ವಿಡಿಯೊಗಳು ಒಂದರ ಬೆನ್ನಿಗೆ ಒಂದು ಬರುತ್ತಿದ್ದವು. ಅದೇ ವಿಡಿಯೊಗಳು ಬಿಹಾರದ ಹಳ್ಳಿಗಳಲ್ಲೂ ಓಡಿದವು. ಅಲ್ಲಿದ್ದ ಹೆತ್ತವರು ಗಾಬರಿಯಿಂದ ಫೋನ್ ಮಾಡಿ ಮಕ್ಕಳನ್ನು ವಾಪಸ್ ಕರೆದರು. ಕೆಲವರು ಗಂಟುಮೂಟೆ ಕಟ್ಟಿ ರೈಲು ನಿಲ್ದಾಣದ ಹಾದಿ ಹಿಡಿದರು.

ಆಗ ತಮಿಳುನಾಡು ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ಶೈಲೇಂದ್ರ ಬಾಬು ಆ ವಿಡಿಯೊಗಳ ನಿಜಸ್ಥಿತಿಯನ್ನು ಬಿಡಿಸಿ ಹೇಳಿದರು. ಹೆಚ್ಚು ಹರಿದಾಡಿದ ಎರಡು ವಿಡಿಯೊಗಳಲ್ಲಿ ಒಂದು ತಿರುಪ್ಪೂರಿನಲ್ಲಿ ಬಿಹಾರದವರದೇ ಎರಡು ಗುಂಪುಗಳ ನಡುವೆ ನಡೆದ ಹೊಡೆದಾಟ. ಇನ್ನೊಂದು ಕೊಯಮತ್ತೂರಿನಲ್ಲಿ ಸ್ಥಳೀಯರೇ ತಮ್ಮ ತಮ್ಮೊಳಗೆ ಮಾಡಿಕೊಂಡ ಜಗಳ. ಸುದ್ದಿ ಪರಿಶೀಲಿಸುವವರು ಕೆದಕಿದಾಗ ಮತ್ತೊಂದು ವಿಡಿಯೊ ರಾಜಸ್ಥಾನದ ಜೋಧಪುರದ್ದು ಎಂದು ತಿಳಿಯಿತು. ಬ್ಯಾಂಡೇಜ್ ಸುತ್ತಿಕೊಂಡ ಕಾರ್ಮಿಕರನ್ನು ತೋರಿಸಿದ ಇನ್ನೊಂದನ್ನು ಪಟನಾದ ಬಾಡಿಗೆ ಮನೆಯಲ್ಲಿ ನಟಿಸಿ ಚಿತ್ರೀಕರಿಸಲಾಗಿತ್ತು ಎಂದು ಬಿಹಾರ ಪೊಲೀಸರ ಆರ್ಥಿಕ ಅಪರಾಧ ಘಟಕವೇ ಹೇಳಿತು. ಬಿಹಾರ ಸರ್ಕಾರ ನಾಲ್ವರು ಅಧಿಕಾರಿಗಳ ತಂಡವನ್ನು ಕಳಿಸಿ ತಿರುಪ್ಪೂರು, ಕೊಯಮತ್ತೂರುಗಳಲ್ಲಿ ಕಾರ್ಮಿಕರನ್ನು ಕಂಡು ಮಾತಾಡಿಸಿತು. ಆ ವರ್ಷ ಮಾರ್ಚ್ 8ಕ್ಕೆ ಹೋಳಿ ಹಬ್ಬ. ಹಬ್ಬಕ್ಕೆಂದು ಊರಿಗೆ ಹೊರಟವರ ರೈಲಿನ ನೂಕುನುಗ್ಗಲು ಕೂಡ ಫೋನಿನಲ್ಲಿ ಜೀವ ಉಳಿಸಿಕೊಳ್ಳಲು ಓಡುವವರ ಗುಂಪಾಗಿ ಕಂಡಿತ್ತು.

ಅದೇ ದಿನಗಳಲ್ಲಿ ತಿರುಪ್ಪೂರಿನ ರೈಲು ಹಳಿಯ ಮೇಲೆ ಬಿಹಾರದ ಕಾರ್ಮಿಕರೊಬ್ಬರ ಶವ ಸಿಕ್ಕಿತು. ಇದು ಕೊಲೆಯೇ ಎಂದು ನಂಬಿದ ಜೊತೆ ಕೆಲಸಗಾರರು ರೈಲ್ವೆ ಪೊಲೀಸ್ ಠಾಣೆಯ ಮುಂದೆ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಆ ಮನುಷ್ಯ ಹಳಿ ದಾಟುತ್ತಿದ್ದ ಸಿಸಿಟಿವಿ ದೃಶ್ಯವನ್ನು ಪೊಲೀಸರು ಮುಂದಿಟ್ಟರು. ದಿನಗಟ್ಟಲೆ ಕೊಲೆಯ ವಿಡಿಯೊಗಳನ್ನೇ ನೋಡಿದ ಕಣ್ಣಿಗೆ ಅಪಘಾತವೂ ಕೊಲೆಯಾಗಿ ಕಾಣುವುದು ಸಹಜ. ಅವರನ್ನು ಮೂಢರೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ, ಏಕೆಂದರೆ ಇಂದು ಫೋನ್ ಹಿಡಿದ ಪ್ರತಿಯೊಬ್ಬರಿಗೂ ಆಗುತ್ತಿರುವುದು ಇದೇ.

ಈ ಭಯ ಒಂದೇ ಕಡೆಯದಾಗಿರಲಿಲ್ಲ. ಅದಕ್ಕೂ ಮೊದಲು, ಜನವರಿ ಕೊನೆಯಲ್ಲಿ, ತಿರುಪ್ಪೂರಿನಲ್ಲಿ ಉತ್ತರದ ಕಾರ್ಮಿಕರು ಸ್ಥಳೀಯರನ್ನು ಅಟ್ಟಿಸಿಕೊಂಡು ಹೋಗುವ ವಿಡಿಯೊ ತಮಿಳರ ಫೋನುಗಳಲ್ಲಿ ಹರಿದಾಡಿತ್ತು. ಚಹಾ ಅಂಗಡಿಯ ಬಳಿ ಹುಟ್ಟಿದ ಸಣ್ಣ ತಕರಾರು ಅದು. ಫೋನಿನಲ್ಲಿ ಮಾತ್ರ ಹೊರಗಿನವರು ಊರನ್ನೇ ಕಬಳಿಸಲು ಬಂದಂತೆ ಕಂಡಿತು. ಒಂದೇ ಊರು, ಒಂದೇ ಕಂಪನಿ, ಅಕ್ಕಪಕ್ಕದ ಯಂತ್ರಗಳ ಮುಂದೆ ಕೂತ ಇಬ್ಬರು ಕೆಲಸಗಾರರು. ಇಬ್ಬರ ಫೋನಿನಲ್ಲಿ ಎರಡು ತಿರುಪ್ಪೂರು, ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಅಂಜಿಕೆ.

ಕೊಯಮತ್ತೂರು, ತಿರುಪ್ಪೂರುಗಳ ಈ ಸೀಮೆ ಕನ್ನಡಿಗರಿಗೆ ಹೊರಗಿನದಲ್ಲ. 1799ರವರೆಗೆ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಇಂದಿಗೂ ಮೇಟ್ಟುಪಾಳಯಂ ಬಳಿಯ ಸಿರುಮುಗೈಯಲ್ಲಿ ಸೀರೆ ನೇಯುವ ದೇವಾಂಗ ಮನೆಗಳಲ್ಲಿ ಆಡುವ ಮಾತು ಕನ್ನಡ. ಹಾಗಾಗಿ 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಎದ್ದಾಗ ಎರಡು ರಾಜ್ಯಗಳಲ್ಲೂ ನೆಂಟರಿದ್ದ ಇಂಥ ಮನೆಗಳಿಗೆ ತಟ್ಟಿದ ಆತಂಕವನ್ನು ಯಾರಾದರೂ ಊಹಿಸಿಕೊಳ್ಳಬಹುದು. ಫೇಸ್‌ಬುಕ್ ಬರಹಕ್ಕಾಗಿ ಬೆಂಗಳೂರಿನಲ್ಲಿ ತಮಿಳು ವಿದ್ಯಾರ್ಥಿಯೊಬ್ಬನನ್ನು ಹೊಡೆದ ವಿಡಿಯೊ ಹರಿದಾಡಿತು. ರಾಮೇಶ್ವರದಲ್ಲಿ ಕರ್ನಾಟಕದ ವಾಹನಗಳ ಮೇಲೆ ದಾಳಿಯಾದ ವಿಡಿಯೊ ಅದಕ್ಕೆ ಎದುರಾಗಿ ಓಡಿತು. ಬೆಂಗಳೂರಿನಲ್ಲಿ ತಮಿಳುನಾಡಿನ ಕೆಪಿಎನ್ ಸಾರಿಗೆ ಸಂಸ್ಥೆಯ ಹತ್ತಾರು ಬಸ್ಸುಗಳು ಬೆಂಕಿಗೆ ಆಹುತಿಯಾದವು. ಆ ವಿಡಿಯೊಗಳು ಸುಳ್ಳಲ್ಲ, ನಿಜವಾಗಿ ನಡೆದವೇ. ಆದರೆ ಒಮ್ಮೆ ನಡೆದ ಹೊಡೆತವನ್ನು ಬೇರೆ ಬೇರೆ ಗುಂಪುಗಳಿಂದ, ಬೇರೆ ಬೇರೆ ಮಾತುಗಳ ಜೊತೆ ನೂರು ಸಲ ನೋಡಿದಾಗ, ಮನಸ್ಸು ಅದನ್ನು ನೂರು ಹೊಡೆತಗಳೆಂದೇ ಲೆಕ್ಕ ಹಿಡಿಯುತ್ತದೆ. ಸುಳ್ಳು ಸುದ್ದಿಯನ್ನು ತಡೆದ ಮಾತ್ರಕ್ಕೆ ಈ ಸಂಕಟ ನೀಗದು ಎನ್ನುವುದಕ್ಕೆ ಕಾರಣ ಇಲ್ಲಿದೆ.

ಬೆಂಗಳೂರು ಇದಕ್ಕೂ ಮೊದಲೇ ಇಂಥದ್ದನ್ನು ಕಂಡಿತ್ತು. ಅಸ್ಸಾಮಿನ ಕೊಕ್ರಝಾರ್ ಹಿಂಸೆಯ ಬಳಿಕ, 2012ರ ಆಗಸ್ಟಿನಲ್ಲಿ, ಈಶಾನ್ಯ ರಾಜ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್‌ಗಳಲ್ಲಿ ಹಬ್ಬಿತು. ಎರಡು ಮೂರು ದಿನಗಳಲ್ಲಿ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆಗಿನ ಗೃಹ ಸಚಿವ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ಹೋಗಬೇಡಿರೆಂದು ಕೇಳಿಕೊಂಡರು. ಕೇಂದ್ರ ಸರ್ಕಾರ 15 ದಿನ ಸಗಟು ಎಸ್‌ಎಂಎಸ್ ನಿಷೇಧಿಸಿ, ದಿನಕ್ಕೆ ಐದಕ್ಕಿಂತ ಹೆಚ್ಚು ಕಳಿಸದಂತೆ ಕಟ್ಟು ಹಾಕಿತು. ಆದರೆ ಎಸ್‌ಎಂಎಸ್ ಓದಿ ಮುಗಿಯುತ್ತಿತ್ತು. ಹತ್ತು ವರ್ಷಗಳ ನಂತರ ತಿರುಪ್ಪೂರಿಗೆ ಬಂದದ್ದು ಮುಗಿಯದ ವಿಡಿಯೊ ಸಾಲು.

ಈ ನಡುವೆ ಆದದ್ದೇನು? 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ, ಜುಲೈನಲ್ಲಿ, ಇನ್‌ಸ್ಟಾಗ್ರಾಂ ತನ್ನ ರೀಲ್ಸ್ ಅನ್ನು ಭಾರತದಲ್ಲಿ ಬಿಟ್ಟಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ತಿರುಪ್ಪೂರಿನಲ್ಲಿ ಒಂದೂವರೆ ಶಿಫ್ಟ್ ಎಂದರೆ 12 ಗಂಟೆ ದುಡಿತ. ಅಷ್ಟು ದುಡಿದು, ನಾಲ್ಕೈದು ಮಂದಿ ಹಂಚಿಕೊಂಡ ಕೋಣೆಗೆ ಬಂದವರಿಗೆ ಸಿನಿಮಾಕ್ಕೂ ತಿರುಗಾಟಕ್ಕೂ ಸಮಯ, ದುಡ್ಡು ಎರಡೂ ಇರುವುದಿಲ್ಲ. ಮನೆಯವರ ಮುಖ ಕಾಣುವುದೂ ಫೋನಿನಲ್ಲೇ, ಮನಸ್ಸು ಹಗುರ ಮಾಡಿಕೊಳ್ಳುವುದೂ ಫೋನಿನಲ್ಲೇ. ವಾಟ್ಸ್‌ಆ್ಯಪ್‌ನಲ್ಲಿ ಸೀರೆಯ ಚಿತ್ರ ಕಳಿಸಿ ಮಾರುವವರಿಗೆ ಅದೇ ಅಂಗಡಿ. ಫೋನ್ ಬಿಸಾಡಿ ಎಂದು ಇವರಿಗೆ ಹೇಳುವುದು ಅನ್ಯಾಯ.

ಬೆರಳಿನಿಂದ ಸರಿಸಿದಷ್ಟೂ ಕೆಳಗಿನಿಂದ ಹೊಸದು ಬರುವ ಈ ವ್ಯವಸ್ಥೆಯನ್ನು ಅಮೆರಿಕದ ವಿನ್ಯಾಸಕ ಏಜಾ ರಾಸ್ಕಿನ್ 2006ರಲ್ಲಿ ರೂಪಿಸಿದರು. ಮುಂದಿನ ಪುಟಕ್ಕೆ ಮತ್ತೆ ಮತ್ತೆ ಗುಂಡಿ ಒತ್ತುವ ತೊಂದರೆ ತಪ್ಪಿಸುವುದು ಅವರ ಉದ್ದೇಶವಾಗಿತ್ತು. ಅದು ಜನರನ್ನು ಹಿಡಿದಿಟ್ಟ ಬಗೆ ಕಂಡು ಮುಂದೆ ಅವರೇ ಬಹಿರಂಗವಾಗಿ ವಿಷಾದಿಸಿದರು. ಪತ್ರಿಕೆಗೆ ಕೊನೆಯ ಪುಟವಿದೆ, ರೇಡಿಯೊ ವಾರ್ತೆಗೆ ಮುಕ್ತಾಯವಿದೆ. ಸಾಕು ಎನ್ನಲು ಅಲ್ಲೊಂದು ಜಾಗ ತಾನಾಗಿ ಸಿಗುತ್ತದೆ. ಫೋನಿನ ಪರದೆಯಲ್ಲಿ ಆ ಜಾಗವನ್ನೇ ತೆಗೆದುಹಾಕಲಾಗಿದೆ. ರಾತ್ರಿ ಹತ್ತು ನಿಮಿಷ ನೋಡೋಣ ಎಂದು ಕೈಗೆತ್ತಿಕೊಂಡವರಿಗೆ ಗಂಟೆ ಒಂದಾದರೂ ಗೊತ್ತಾಗದಿದ್ದರೆ ಅದು ಅವರ ಮನೋದೌರ್ಬಲ್ಯವಲ್ಲ. ಹಾಗಾಗುವಂತೆಯೇ ಅದು ರೂಪುಗೊಂಡಿದೆ.

ಆ ಸಾಲಿನಲ್ಲಿ ಮುಂದೆ ಏನು ಬರಬೇಕೆಂದು ನಿರ್ಧರಿಸುವ ಲೆಕ್ಕಾಚಾರವೂ ಇದಕ್ಕೆ ತಕ್ಕಂತಿದೆ. 2017ರಿಂದ ಕೆಲವು ಕಾಲ ಫೇಸ್‌ಬುಕ್, ಸಿಟ್ಟಿನ ಮುಖವೂ ಸೇರಿದಂತೆ ಭಾವಚಿಹ್ನೆಗಳಿಗೆ ಬರಿಯ ‘ಲೈಕ್’ಗಿಂತ ಐದು ಪಟ್ಟು ತೂಕ ಕೊಟ್ಟಿತ್ತು ಎನ್ನುವುದು 2021ರಲ್ಲಿ ಹೊರಬಿದ್ದ ಆ ಸಂಸ್ಥೆಯ ಒಳಗಿನ ಕಾಗದಪತ್ರಗಳಿಂದ ತಿಳಿಯಿತು. ಎಂಐಟಿ ಸಂಶೋಧಕರು ಟ್ವಿಟರ್‌ನಲ್ಲಿ ಹರಿದಾಡಿದ ಸುದ್ದಿಗಳನ್ನು ಪರಿಶೀಲಿಸಿ, ನಿಜಕ್ಕಿಂತ ಸುಳ್ಳನ್ನು ಜನ ಮರುಹಂಚುವ ಸಾಧ್ಯತೆ ಶೇ 70ರಷ್ಟು ಹೆಚ್ಚು ಎಂದು 2018ರಲ್ಲಿ ಪ್ರಕಟಿಸಿದರು. ಹೊಸತು, ಬೆರಗು, ಅಂಜಿಕೆ ಹುಟ್ಟಿಸುವುದಕ್ಕೆ ಓಟ ಹೆಚ್ಚು. ಅಪಾಯವನ್ನು ಮೊದಲು ಗಮನಿಸುವುದು ಮನುಷ್ಯನ ಹುಟ್ಟುಗುಣ. ಹಾವು ಕಂಡಾಗ ಜೀವ ಉಳಿಸುವ ಆ ಗುಣವನ್ನೇ ಇಲ್ಲಿ ಗಂಟೆಗಟ್ಟಲೆ ಕೆರಳಿಸಿಡಲಾಗುತ್ತದೆ.

ಹಾಗೆ ಕೆರಳಿದ ಮನಸ್ಸು ದೂರದ್ದನ್ನೂ ಹತ್ತಿರದ್ದೆಂದು ಅನುಭವಿಸುತ್ತದೆ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 4,675 ಮಂದಿಯನ್ನು ವಿಚಾರಿಸಿದರು. ಬಾಂಬ್ ಸಿಡಿದ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಆ ಸುದ್ದಿಯನ್ನೇ ನೋಡಿದವರಲ್ಲಿ, ಆ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಿನ ಮಾನಸಿಕ ಒತ್ತಡ ಕಂಡಿತು. ಬಿಹಾರದ ಹಳ್ಳಿಯಲ್ಲಿ ಕೂತು ತಿರುಪ್ಪೂರಿನ ಮಗನಿಗಾಗಿ ನಿದ್ದೆಗೆಟ್ಟ ತಾಯಿಯ ಪಾಡು ಇದರಿಂದ ಅರ್ಥವಾಗುತ್ತದೆ. ಮಗನಿಗೆ ಕನಿಷ್ಠ ಕಿಟಕಿ ತೆರೆದು ಬೀದಿ ನೋಡುವ ಅವಕಾಶವಿತ್ತು. ತಾಯಿಗೆ ಕಾಣುತ್ತಿದ್ದದ್ದು ಪರದೆ ಮಾತ್ರ.

ಕೊಯಮತ್ತೂರು ಜಿಲ್ಲೆ ಇದರ ಇನ್ನೊಂದು ಮುಖವನ್ನೂ ಕಂಡಿದೆ. 2024ರ ಬೇಸಿಗೆಯಲ್ಲಿ ಚೆನ್ನೈ ಹೊರವಲಯದ ಅಪಾರ್ಟ್‌ಮೆಂಟ್ ಒಂದರಲ್ಲಿ ತಾಯಿಯ ಕೈಜಾರಿ ಬಿದ್ದ ಹಸುಗೂಸನ್ನು ನೆರೆಯವರು ಸೇರಿ ಕಾಪಾಡಿದರು. ಆ ವಿಡಿಯೊ ದೇಶವೆಲ್ಲ ಸುತ್ತಿತು. ಮಗು ಉಳಿಯಿತೆಂದು ಹಿಗ್ಗಬೇಕಾದ ಜನರಲ್ಲಿ ಅನೇಕರು ಆ ತಾಯಿಯನ್ನು ಬೈಯಲು ನಿಂತರು. ಹೋಗುತ್ತಾ ಬರುತ್ತಾ ಒಂದೊಂದು ಸಾಲು ಬರೆದು ಮುಂದೆ ಸರಿದರು. ಆಕೆ ಕೊಯಮತ್ತೂರು ಜಿಲ್ಲೆಯ ತವರಿಗೆ ಬಂದರು. ಮಾನಸಿಕವಾಗಿ ಬಹಳ ಕುಗ್ಗಿದ್ದರು. ಕೆಲವೇ ವಾರಗಳಲ್ಲಿ ಪ್ರಾಣ ಕಳೆದುಕೊಂಡರು. ಇಂಥ ಸಾವಿಗೆ ಒಂದೇ ಕಾರಣ ಹೇಳುವುದು ಸರಿಯಲ್ಲ, ಬಾಣಂತಿಯರ ಖಿನ್ನತೆ ತನ್ನಷ್ಟಕ್ಕೇ ಗಂಭೀರ ಕಾಯಿಲೆ. ಆದರೆ ಸೋತ ಮನಸ್ಸಿನ ಮೇಲೆ ಸಾವಿರಾರು ಅಪರಿಚಿತರ ಬೈಗುಳ ಬಿದ್ದದ್ದು ಕ್ರೌರ್ಯ. ಬರೆದವರಲ್ಲಿ ಬಹುಪಾಲು ಮಂದಿ ಕೆಟ್ಟವರೇನಲ್ಲ. ಒಂದು ವಿಡಿಯೊದ ಸಿಟ್ಟು ಆರುವ ಮೊದಲೇ ಇನ್ನೊಂದನ್ನು ನೋಡಿ ನೋಡಿ, ಎದುರಿಗಿರುವುದು ಒಂದು ಜೀವ ಎಂಬ ಎಚ್ಚರ ತಪ್ಪಿದವರು. ಸ್ಕ್ರೋಲಿಂಗ್ ನೋಡುವವರನ್ನು ಹಿಂಡುವಂತೆಯೇ, ಅವರ ಕೈಯಿಂದ ಇತರರನ್ನೂ ಹಿಂಡಿಸುತ್ತದೆ.

ಹಾಗೆಂದು ಕೆಟ್ಟ ಸುದ್ದಿಯೆಲ್ಲ ವದಂತಿಯಲ್ಲ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ, ದೇಶದ ಹೆಣಿಗೆ ಉಡುಪು ರಫ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಹೊತ್ತ ತಿರುಪ್ಪೂರಿಗೆ ನಿಜವಾದ ಪೆಟ್ಟು ಬಿತ್ತು. ಆರ್ಡರ್ ನಿಂತೀತು, ಕೆಲಸ ಹೋದೀತು ಎಂಬ ಚಿಂತೆ ಟೇಲರ್‌ನಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಇತ್ತು. ಇಂಥ ಹೊತ್ತಲ್ಲಿ ಸುದ್ದಿ ತಿಳಿಯುವುದು ಅಗತ್ಯ. ಆದರೆ ಸುಂಕದ ಸುದ್ದಿ ದಿನಕ್ಕೆ ಒಮ್ಮೆ ಬದಲಾದರೆ ಹೆಚ್ಚು. ಅದನ್ನು ಐವತ್ತು ಸಲ ತೆರೆದು ನೋಡಿದರೆ ತಿಳಿವಳಿಕೆ ಐವತ್ತು ಪಟ್ಟು ಆಗದು, ತಳಮಳ ಆಗುತ್ತದೆ. ರಫ್ತುದಾರರ ಸಂಘದ ಪ್ರಕಟಣೆ, ಬೆಳಗಿನ ಪತ್ರಿಕೆ, ಕಂಪನಿಯ ಸೂಪರ್‌ವೈಸರ್ ಜೊತೆ ಐದು ನಿಮಿಷದ ಮಾತು, ಇಷ್ಟರಲ್ಲಿ ಕೆಲಸಕ್ಕೆ ಬೇಕಾದ ಮಾಹಿತಿ ಸಿಗುತ್ತದೆ.

ಹಾಗಾದರೆ ಬಿಡುಗಡೆ ಹೇಗೆ? ಪರೀಕ್ಷಿಸಿ ನೋಡಿದ ಕೆಲವು ದಾರಿಗಳಿವೆ. ಮೊದಲನೆಯದು, ನೋಡುವ ಹೊತ್ತಿಗೆ ಲೆಕ್ಕ, ಮಿತಿ ಇಡುವುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ ಹತ್ತು ನಿಮಿಷಕ್ಕೆ ಇಳಿಸಿತು. ಮೂರು ವಾರಗಳಲ್ಲಿ ಅವರ ಒಂಟಿತನ, ಖಿನ್ನತೆ ಕಡಿಮೆಯಾದವು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಎಂದಿನಂತೆ ಬಳಸಿದ ಗುಂಪಿನಲ್ಲೂ ಆತಂಕ ಸ್ವಲ್ಪ ಇಳಿಯಿತು. ತಾವು ಎಷ್ಟು ಹೊತ್ತು ನೋಡುತ್ತಿದ್ದೇವೆಂದು ಲೆಕ್ಕ ಇಡುವುದೇ ಇದಕ್ಕೆ ಕಾರಣವಿರಬಹುದು ಎಂದರು ಸಂಶೋಧಕರು. ಆ ಲೆಕ್ಕ ಎಲ್ಲರ ಫೋನಿನಲ್ಲೂ ಇದೆ. ಆಂಡ್ರಾಯ್ಡ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ತೆರೆದರೆ ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಯಿತೆಂದು ಕಾಣುತ್ತದೆ. ಮಿತಿಯನ್ನೂ ಅಲ್ಲೇ ಹಾಕಬಹುದು.

ಎರಡನೆಯದು, ಕಿತ್ತುಕೊಂಡ ಮುಕ್ತಾಯವನ್ನು ಮರಳಿ ತರುವುದು. ಯೂಟ್ಯೂಬ್‌ನಲ್ಲಿ ನೋಡಿದ್ದರ ದಾಖಲೆ ಅಳಿಸಿ, ದಾಖಲಿಸುವುದನ್ನೂ ನಿಲ್ಲಿಸಿದರೆ ಮುಖಪುಟದಲ್ಲಿ ಶಿಫಾರಸುಗಳು ಬರುವುದಿಲ್ಲ, ಬೇಕಾದ್ದನ್ನು ಹುಡುಕಿ ನೋಡಬೇಕಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಕೆಡುಕೆನಿಸುವ ರೀಲ್ ಬಂದಾಗ ‘ಆಸಕ್ತಿಯಿಲ್ಲ’ ಎಂದು ಒತ್ತುತ್ತಾ ಹೋದರೆ ಅಂಥವು ಕಡಿಮೆಯಾಗುತ್ತವೆ. ಮನೆಯವರ ಕರೆಗಳನ್ನು ಬಿಟ್ಟು ಉಳಿದ ನೋಟಿಫಿಕೇಷನ್ ನಿಲ್ಲಿಸಬಹುದು. ಫಲ ಕೊಡುವ ಇನ್ನೊಂದು ದಾರಿ ಮಲಗುವಾಗ ಫೋನನ್ನು ಹಾಸಿಗೆಯಿಂದ ದೂರ, ಎದ್ದು ನಡೆದರೆ ಮಾತ್ರ ಸಿಗುವ ಕಡೆ ಚಾರ್ಜ್‌ಗೆ ಹಾಕುವುದು. ನಿದ್ದೆ ಕೆಟ್ಟ ಮನಸ್ಸಿಗೆ ಸಣ್ಣ ಸುದ್ದಿಯೂ ದೊಡ್ಡ ಗಂಡಾಂತರವಾಗುತ್ತದೆ.

ಮೂರನೆಯದು, ಊರೆಲ್ಲ ಸೇರಿ ಮಾಡುವ ಕೆಲಸ. ನಮ್ಮ ಗಡಿಗೆ ಹತ್ತಿರದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಕೂಗುತ್ತದೆ. ಆಗ ಮನೆಮನೆಯಲ್ಲೂ ಟಿವಿ, ಮೊಬೈಲ್ ಬಂದ್. 8.30ರವರೆಗೆ ಮಕ್ಕಳು ಓದುತ್ತಾರೆ, ದೊಡ್ಡವರು ಜಗಲಿಯಲ್ಲಿ ಮಾತಾಡುತ್ತಾರೆ. ಒಬ್ಬನೇ ಫೋನ್ ಕೆಳಗಿಟ್ಟರೆ ಒಂಟಿಯಾಗುತ್ತಾನೆ. ಎಲ್ಲರೂ ಇಟ್ಟರೆ ಮಾತಿಗೆ ಜನ ಸಿಗುತ್ತಾರೆ. ತಿರುಪ್ಪೂರಿನ ಹಾಸ್ಟೆಲುಗಳಲ್ಲಿ, ಬೆಂಗಳೂರಿನ ಪಿ.ಜಿ.ಗಳಲ್ಲಿ ಊಟದ ಅರ್ಧ ಗಂಟೆಯನ್ನಾದರೂ ಹೀಗೆ ಉಳಿಸಿಕೊಳ್ಳಲು ಯಾವ ಖರ್ಚೂ ಇಲ್ಲ.

ಮಕ್ಕಳ ವಿಷಯದಲ್ಲಿ ಮಾತು ಇನ್ನೂ ಗಂಭೀರ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸಾಮಾಜಿಕ ಜಾಲತಾಣ ಬಳಸುವ ಹದಿಹರೆಯದವರಿಗೆ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಎಂದು ಎಚ್ಚರಿಸಿದರು. ಸಿಗರೇಟಿನ ಪೊಟ್ಟಣದ ಮೇಲಿರುವಂಥ ಎಚ್ಚರಿಕೆ ಇಲ್ಲೂ ಬೇಕೆಂದು ಮರುವರ್ಷ ಒತ್ತಾಯಿಸಿದರು. ಆಸ್ಟ್ರೇಲಿಯ 16 ವರ್ಷಕ್ಕಿಂತ ಕೆಳಗಿನವರ ಖಾತೆಗಳಿಗೆ 2025ರ ಡಿಸೆಂಬರ್ 10ರಿಂದ ತಡೆ ಹಾಕಿತು. ಕಾನೂನು ಬರಲಿ, ಬಿಡಲಿ, ಊಟಕ್ಕೆ ಕೂತಾಗ ಅಪ್ಪ ಅಮ್ಮನ ಕೈಯಲ್ಲಿ ಫೋನ್ ಇದ್ದರೆ ಮಕ್ಕಳಿಗೆ ಹೇಳುವ ಬುದ್ಧಿಮಾತು ನಾಟುವುದಿಲ್ಲ.

ಗಾಬರಿ ಹುಟ್ಟಿಸುವ ಸುದ್ದಿ ಬಂದಾಗ ಏನು ಮಾಡಬೇಕೆಂಬುದಕ್ಕೆ ತಿರುಪ್ಪೂರಿನ ಅನುಭವವೇ ಪಾಠ. ಅಲ್ಲಿ ಭಯ ಇಳಿದದ್ದು ಇನ್ನಷ್ಟು ವಿಡಿಯೊ ನೋಡಿದ್ದರಿಂದಲ್ಲ. ಜಿಲ್ಲಾಡಳಿತ ಸಹಾಯವಾಣಿ ತೆರೆಯಿತು. ಕೊಯಮತ್ತೂರು, ತಿರುಪ್ಪೂರುಗಳ ಪೊಲೀಸ್ ಅಧಿಕಾರಿಗಳು ಕಾರ್ಖಾನೆಗಳಿಗೇ ಹೋಗಿ ಕಾರ್ಮಿಕರ ಜೊತೆ ಹಿಂದಿಯಲ್ಲಿ ಮಾತಾಡಿದರು. ಬಿಹಾರದಿಂದ ಬಂದ ಅಧಿಕಾರಿಗಳು ಎದುರೆದುರು ಕೂತು ಕೇಳಿದರು. ಹೋಳಿ ಮುಗಿದ ಮೇಲೆ ಕಾರ್ಮಿಕರು ಕೆಲಸಕ್ಕೆ ಮರಳಿದರು. ಯಾರಿಗಾಗಿ ಚಿಂತೆಯೋ ಅವರಿಗೇ ನೇರ ಫೋನ್ ಮಾಡುವುದು, ಆ ಊರಿನಲ್ಲಿರುವ ಗುರುತಿನವರನ್ನು ಕೇಳುವುದು, ಖಚಿತವಾಗುವ ತನಕ ಫಾರ್ವರ್ಡ್ ಮಾಡದಿರುವುದು, ಈ ಮೂರು ಪ್ರತಿಯೊಬ್ಬರೂ ಮಾಡಬಹುದಾದ ಕೆಲಸ. ಪರಿಚಯವಿಲ್ಲದವರ ಬಗ್ಗೆ ಕಾಮೆಂಟ್ ಬರೆಯುವ ಮುನ್ನ, ಅದನ್ನು ಅವರ ಮನೆಯಂಗಳದಲ್ಲಿ ನಿಂತು ಹೇಳಲು ಬಾಯಿ ಬರುತ್ತದೆಯೇ ಎಂದು ಕೇಳಿಕೊಂಡರೆ ಅರ್ಧ ಕಾಮೆಂಟುಗಳು ಬೆರಳಲ್ಲೇ ನಿಲ್ಲುತ್ತವೆ.

ಇಷ್ಟು ಮಾಡಿಯೂ ನಿದ್ದೆ ಬಾರದಿದ್ದರೆ, ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ, ಫೋನ್ ಇಟ್ಟ ಕೂಡಲೇ ಚಡಪಡಿಕೆಯಾದರೆ, ಬದುಕೇ ಬೇಡವೆನಿಸಿದರೆ ಅದು ಒಬ್ಬರೇ ನುಂಗಿಕೊಳ್ಳುವ ಸಂಕಟವಲ್ಲ, ವೈದ್ಯರ ನೆರವು ಪಡೆಯಬೇಕಾದ ಹೊತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಲ್ಲಿ ‘ಶಟ್’ ಹೆಸರಿನ ಕ್ಲಿನಿಕ್ ತೆರೆದಿದೆ. ಅಷ್ಟು ದೂರ ಹೋಗಲಾಗದವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.